ಸಾಕ್ಷಿಗೆ ಒಲ್ಲೆ ಎಂದವನು

"ಇಲ್ಲ ಸ್ವರ್ಣಾ ಮೇಡಂ, ನಾನು ಸಾಕ್ಷಿ ಹಾಕುದಿಲ್ಲ," ಎಂದ ಹರ್ಷಿತ್ ಪ್ರಭು.

ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಕಿಟಕಿಯಾಚೆ ರುಸೈಲ್‌ನ ಬಿಸಿಲಲ್ಲಿ ನಿಂತಿದ್ದ ಕಂಟೇನರ್ ಲಾರಿಯನ್ನು, ಹುಟ್ಟಿದ ಮೇಲೆ ಲಾರಿಯನ್ನೇ ಕಾಣದವನಂತೆ ನೋಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು. ಬಿಸಿಲಿಗಿರಬೇಕು ಅಂದುಕೊಂಡೆ. ಆಗ ನನಗಿದ್ದದ್ದು ಅಷ್ಟೇ ಬುದ್ಧಿ.

"ಎಂತಕ್ಕೆ ಆಗುದಿಲ್ಲ? ಒಂದು ಸಹಿ ಅಲ್ವಾ ಕೇಳಿದ್ದು? ಕಿಡ್ನಿ ಕೇಳಿದ್ದಾ?"

"ಬೇರೆ ಎಂತ ಬೇಕಾದ್ರೂ ಕೇಳಿ. ಮಸ್ಕತ್‌ಗೆ ಕಾರಲ್ಲಿ ಬಿಡ್ತೇನೆ. ಸಹಿ ಮಾತ್ರ ಇಲ್ಲ."

"ಕಾರಣ?"

"ಆಗುದಿಲ್ಲ. ಅಷ್ಟೆ."

ತನ್ನ ಫ್ಲಾಸ್ಕ್ ಎತ್ತಿಕೊಂಡು ಹೊರಟೇ ಹೋದ. ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಸ್ಟೇಪ್ಲರ್ ಹಿಂದಿನಿಂದ ಎಸೆಯಬೇಕು ಅನಿಸಿತು. ಅದು ಆಫೀಸಿನ ಸ್ಟೇಪ್ಲರ್, ಹಾಗಾಗಿ ಎಸೆಯಲಿಲ್ಲ.

ನಾನು ಕೆಲಸ ಮಾಡುವುದು ಉಮರಬ್ಬ ಸಾಹುಕಾರರ ಅಕ್ಕಿ ಕಂಪನಿಯಲ್ಲಿ. ಥಾಯ್ಲೆಂಡಿನಿಂದ ಹಡಗಿನಲ್ಲಿ ಬಂದ ಅಕ್ಕಿಯನ್ನು ರುಸೈಲ್‌ನ ಗೋದಾಮಿನಲ್ಲಿ ಚಿಕ್ಕ ಚೀಲಗಳಿಗೆ ತುಂಬಿ ಒಮಾನ್ ಇಡೀ ಕಳಿಸುತ್ತೇವೆ. ಹಡಗಿನ ಕಾಗದಪತ್ರವೆಲ್ಲ ನನ್ನ ಪಾಲು. ಥಾಯ್ ಭಾಷೆ ಗೊತ್ತು ಎಂಬ ಒಂದೇ ಕಾರಣಕ್ಕೆ ಉಮರಬ್ಬರು ನನಗೆ ವೀಸಾ ಕೊಟ್ಟಿದ್ದರು.

ಹರ್ಷಿತ್ ಸರ್ವೇಯರ್. ಕಂಟೇನರಿನ ಬಾಗಿಲು ತೆರೆಯುವಾಗ ಎದುರು ನಿಂತು, ಅಕ್ಕಿ ಒದ್ದೆಯಾಗಿದೆಯೇ, ಹುಳ ಬಿದ್ದಿದೆಯೇ ಎಂದು ನೋಡಿ, ಕಂಡದ್ದನ್ನು ಬರೆದು ಸಹಿ ಹಾಕುವುದು ಅವನ ಕೆಲಸ. ಮಾರಿದವರು, ಕೊಂಡವರು, ಇನ್ಶೂರೆನ್ಸಿನವರು, ಮೂವರೂ ಆ ಸಹಿಯನ್ನು ನಂಬಬೇಕು. ಅದಕ್ಕೇ ನಮ್ಮ ಆಫೀಸಿನಲ್ಲಿ ಅವನು ಒಂದು ಗುಟುಕು ಚಹಾ ಕುಡಿದವನಲ್ಲ. ಮನೆಯಿಂದಲೇ ಫ್ಲಾಸ್ಕ್ ತರುತ್ತಿದ್ದ. ಉಮರಬ್ಬರು ಖರ್ಜೂರದ ತಟ್ಟೆ ಮುಂದಿಟ್ಟರೆ, "ಬೇಡ ಸಾಹುಕಾರ್ರೆ, ತಿಂದ್ರೆ ಬರಿಯುವಾಗ ಕೈ ಸಿಹಿ ಆಗ್ತದೆ," ಎಂದು ನಗುತ್ತಲೇ ತಟ್ಟೆ ಹಿಂದಕ್ಕೆ ಸರಿಸುತ್ತಿದ್ದ.

ಅವನು ಕಾರ್ಕಳದವನು, ಮನೆಮಾತು ಕೊಂಕಣಿ. ನಾನು ಮೂಲ್ಕಿಯವಳು, ತುಳು. ಜಗಳಕ್ಕೆ ಇಬ್ಬರಿಗೂ ಒದಗುವುದು ಕನ್ನಡ.

ನಾನು ಫೋನಿನಲ್ಲಿ ಥಾಯ್ ಮಾತಾಡುವಾಗ ಅವನು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಪೆನ್ನು ಕಾಗದದ ಮೇಲೆಯೇ ಇರುತ್ತಿತ್ತು, ಕಣ್ಣು ಮಾತ್ರ ಮೆಲ್ಲಗೆ ಮೇಲೇರಿ ನನ್ನ ಬಾಯಿಯ ಹತ್ತಿರ ಬಂದು ನಿಲ್ಲುತ್ತಿತ್ತು. ನಾನು ತಿರುಗಿದರೆ ಕೂಡಲೇ ಪೆನ್ನು ಓಡುತ್ತಿತ್ತು.

"ಈಗ ಅವರನ್ನು ಹೊಗಳಿದ್ದಾ, ಬೈದದ್ದಾ?" ಎಂದು ಒಮ್ಮೆ ಕೇಳಿದ್ದ.

"ಬೈದದ್ದು. ಚೀಲ ಹರಿದು ಕಳಿಸಿದ್ದಾರೆ."

"ಕೇಳ್ಲಿಕ್ಕೆ ಚಂದ ಉಂಟು ಮಾರಾಯ್ರೆ. ಇನ್ನೊಮ್ಮೆ ಬೈಯಿರಿ."

ಆ ದಿನ ಮನೆಗೆ ಹೋದ ಮೇಲೂ ನನ್ನ ನಗು ಇಳಿದಿರಲಿಲ್ಲ. ಅಂಥವನು ಈಗ ಸಹಿ ಹಾಕುವುದಿಲ್ಲವಂತೆ!

ಅದು ಎಂತಹ ಸಹಿ ಎಂದು ಹೇಳಿಬಿಡುತ್ತೇನೆ. ನನ್ನ ಡಿವೋರ್ಸಿನದ್ದು.

ಒಮಾನ್‌ಗೆ ಬರುವ ಮೊದಲು ನಾನು ಥಾಯ್ಲೆಂಡಿನ ಲೇಮ್ ಚಬಾಂಗ್ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿದ್ದೆ. ಪಕ್ಕದ ಮೇಜಿನಲ್ಲಿ ವಿಚಾಯ್ ಇದ್ದ. ಪ್ರೀತಿಸಿದೆವು, ಅಲ್ಲಿಯ ಅಂಫೋಗೆ, ಅಂದರೆ ನಮ್ಮ ತಾಲೂಕು ಕಚೇರಿಯಂಥದ್ದಕ್ಕೆ, ಹೋಗಿ ರಿಜಿಸ್ಟರ್ ಮದುವೆಯಾದೆವು. ವಿಚಾಯ್ ಕೆಟ್ಟವನಲ್ಲ. ನಾನೂ ಕೆಟ್ಟವಳಲ್ಲ. ಆದರೂ ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರ ಹಾಗೆ ಬದುಕತೊಡಗಿದ್ದೆವು. ಊಟಕ್ಕೆ ಕೂತರೆ ಮಾತೇ ಇರುತ್ತಿರಲಿಲ್ಲ. ಕೊನೆಗೊಂದು ದಿನ ಅವನ ಸೋದರತ್ತೆಯ ನೂಡಲ್ಸ್ ಅಂಗಡಿಯಲ್ಲಿ ಕೂತು ಕಾಗದ ಬರೆದೆವು. ಇಬ್ಬರಿಗೂ ಒಪ್ಪಿಗೆ ಇದೆ, ಮದುವೆಯಾದ ಮೇಲೆ ಕೊಂಡದ್ದೆಲ್ಲ ಸಮಪಾಲು, ಸ್ಕೂಟರ್ ಅವನಿಗೆ, ಫ್ರಿಜ್ಜು ನನಗೆ. ಅತ್ತೆ ಒಂದು ಸಾಕ್ಷಿ ಹಾಕಿದರು, ಐಸ್ ತಂದು ಕೊಡುವವನು ಇನ್ನೊಂದು. ಫ್ರಿಜ್ಜನ್ನು ಅತ್ತೆಗೇ ಬಿಟ್ಟು ವಿಮಾನ ಹತ್ತಿದೆ.

ಮೂಲ್ಕಿಯಲ್ಲಿ ಸೋದರಮಾವ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಒಂದಕ್ಷರವೂ ತಿಳಿಯಲಿಲ್ಲ. ಆದರೆ ಎರಡು ಸಹಿ, ಎರಡು ಸಾಕ್ಷಿ ಕಂಡವು. ನಾಲ್ವರು ಹಿರಿಯರನ್ನು ಚಾವಡಿಯಲ್ಲಿ ಕೂರಿಸಿ, ಎಲೆ ಅಡಿಕೆ ಹಂಚಿ, "ಹುಡುಗಿಗೆ ಬಿಡುಗಡೆ ಆಯಿತು" ಎಂದರು. ನಮ್ಮ ಮನೆಯಲ್ಲಿ ಮಾವ ಆಯಿತು ಎಂದರೆ ಆಯಿತು. ಅದರ ಮೇಲೆ ಇನ್ನೊಂದು ಕಚೇರಿ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ದಿನಬೆಳಗಾದರೆ ಕಾಗದಪತ್ರದಲ್ಲೇ ಮುಳುಗಿರುವವಳು ನಾನು!

ಕಳೆದ ವರ್ಷ ಪಾಸ್‌ಪೋರ್ಟ್ ನವೀಕರಿಸುವಾಗ ಗಂಡನ ಹೆಸರು ತೆಗೆಸಲು ಹೋದೆ. ಸಾಸ್ ಕಲೆಯಿದ್ದ ನೂಡಲ್ಸ್ ಅಂಗಡಿಯ ಕಾಗದ ಕೊಟ್ಟೆ. ಕೌಂಟರಿನಲ್ಲಿದ್ದವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದು ಒಪ್ಪಂದ. ಡಿವೋರ್ಸ್ ಸರ್ಟಿಫಿಕೇಟ್ ಎಲ್ಲಿ ಮೇಡಂ?" ಎಂದರು. ಥಾಯ್ ರಾಯಭಾರ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು ತುಂಬ ಮೆದುವಾಗಿ ವಿವರಿಸಿದರು: ನಮ್ಮ ಕಾನೂನಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಕೋರ್ಟಿನ ಗೊಡವೆ ಇಲ್ಲ. ಕಾಗದ ಬೇಕು, ಎರಡು ಸಾಕ್ಷಿ ಬೇಕು. ಆದರೆ ಇಬ್ಬರೂ ರಿಜಿಸ್ಟ್ರಾರ್ ಎದುರು ಖುದ್ದು ನಿಂತು ಅದನ್ನು ನೋಂದಾಯಿಸುವವರೆಗೆ ಅದು ಬರೀ ಕಾಗದ. "ನೀವು ಈಗಲೂ ವಿಚಾಯ್ ಅವರ ಹೆಂಡತಿ," ಎಂದರು.

ಫೋನ್ ಇಟ್ಟು ಕಾರಿನಲ್ಲಿ ಕೂತು ಮೊದಲು ನಕ್ಕೆ. ಆಮೇಲೆ ಎಸಿ ಜೋರಾಗಿ ಹಾಕಿಕೊಂಡು ಅತ್ತುಬಿಟ್ಟೆ.

ವಿಚಾಯ್ ಒಪ್ಪದಿದ್ದರೆ ಥಾಯ್ ಕೋರ್ಟಿಗೆ ಹೋಗಬೇಕಿತ್ತು. ಬಿಟ್ಟು ಹೋದದ್ದು, ವರ್ಷಗಟ್ಟಲೆ ಬೇರೆ ಇದ್ದದ್ದು, ಬೇರೆಯವರ ಸಂಗ, ಹೀಗೆ ಕಾನೂನಿನಲ್ಲಿರುವ ಕಾರಣವೊಂದನ್ನು ತೋರಿಸಿ ಸಾಬೀತು ಮಾಡಬೇಕಿತ್ತು. ಅವನು ತಕರಾರು ಮಾಡಲಿಲ್ಲ. ಅವನಿಗೂ ಈಗ ಒಬ್ಬಳು ಸಿಕ್ಕಿದ್ದಾಳೆ. "ನಾವಿಬ್ಬರೂ ಎಂಥ ಕತ್ತೆಗಳು" ಎಂದು ಫೋನಿನಲ್ಲಿ ನಕ್ಕ. ಅವನು ಅಲ್ಲಿ ತನ್ನ ಅಂಫೋದಲ್ಲಿ ಸಹಿ ಹಾಕಿ, ನಾನು ಇಲ್ಲಿ ರಾಯಭಾರ ಕಚೇರಿಯಲ್ಲಿ ಹಾಕಿದರೂ ನಡೆಯುತ್ತದೆ ಎಂದು ತಿಳಿಯಿತು. ಅವನದ್ದು ಮುಗಿದು ಕಾಗದ ಮಸ್ಕತ್‌ಗೆ ಬಂದಿತ್ತು. ಉಳಿದದ್ದು ನಾನು ಮತ್ತು ಎರಡು ಸಾಕ್ಷಿಗಳು.

ಒಂದು ಸಾಕ್ಷಿಗೆ ರಝಿಯಾ ಇದ್ದಳು. ಸೀಬ್‌ನಲ್ಲಿ ನನ್ನ ಫ್ಲ್ಯಾಟಿನ ಮೇಲಿನ ಮಹಡಿಯವಳು, ಉಳ್ಳಾಲದ ಬ್ಯಾರಿ ಹುಡುಗಿ, ಗಂಡ ಝಕರಿಯಾ ವಿಮಾನ ನಿಲ್ದಾಣದಲ್ಲಿ ಕೆಲಸದಲ್ಲಿದ್ದ. ಝಕರಿಯಾನನ್ನೇ ಇನ್ನೊಬ್ಬ ಸಾಕ್ಷಿ ಮಾಡಬಹುದಿತ್ತು. ಆದರೂ ನಾನು ಹರ್ಷಿತ್‌ನನ್ನು ಕೇಳಿದೆ. ಸುಳ್ಳಿಗೆ ಸಹಿ ಹಾಕದವನು ಎಂದು ಕೇಳಿದೆ ಅಂತ ರಝಿಯಾಳಿಗೆ ಹೇಳಿದ್ದೆ. ನಿಜ ಬೇರೆಯೇ ಇತ್ತು. ನಾನು ಬಿಡುಗಡೆಯಾಗುವಾಗ ಅವನು ಅಲ್ಲಿರಬೇಕಿತ್ತು, ಅವನಿಗೆ ಗೊತ್ತಾಗಬೇಕಿತ್ತು, ಅಷ್ಟೇ ನನ್ನ ಆಸೆ.

"ಬಿಟ್ಟು ಬಂದ ಹೆಂಗಸಿನ ಕಾಗದಕ್ಕೆ ಹೆಸರು ಸೇರಿಸಿದ್ರೆ ಅವನ ಮರ್ಯಾದೆ ಕಾರ್ಕಳ ಪೇಟೆಯಲ್ಲಿ ಹರಾಜು ಆಗ್ತದಾ?" ಎಂದು ಆ ಸಂಜೆ ರಝಿಯಾಳ ಅಡಿಗೆಮನೆಯಲ್ಲಿ ಕೂಗಾಡಿದೆ.

ರಝಿಯಾ ಅಕ್ಕಿಹಿಟ್ಟಿನ ನೆಯ್‌ಪತ್ತಿರ್ ತಟ್ಟಿ ಎಣ್ಣೆಗೆ ಬಿಡುತ್ತಿದ್ದಳು. "ಮೆಲ್ಲ ಮಾತಾಡು ಮಾರಾಯ್ತಿ, ಎಣ್ಣೆ ಹಾರ್ತದೆ. ಅವ ಹಾಗೆ ಹೇಳಿದ್ನಾ?"

"ಎಂತದೂ ಹೇಳ್ಲಿಲ್ಲ. ಅದೇ ಸಿಟ್ಟು."

"ಹೇಳದ್ದಕ್ಕೆ ನೀನೇ ಅರ್ಥ ಕಟ್ಟಿದ್ದು. ನಮ್ಮ ಝಕರಿಯಾ ಬರ್ತಾರೆ, ಬಿಡು. ಇದು ತಿನ್ನು."

ತಿಂದೆ. ನಾಲ್ಕು ತಿಂದೆ. ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ.

ಮುಂದಿನ ವಾರ ಹೊಸ ಕಂಟೇನರ್ ಬಂತು. ಹರ್ಷಿತ್ ಬಂದಾಗ ಹೇಗೆ ಮುಖ ತಿರುಗಿಸಬೇಕು ಎಂದು ಬೆಳಿಗ್ಗೆ ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿ ಹೋಗಿದ್ದೆ. ಬಂದದ್ದು ಅವನಲ್ಲ. ಅದೇ ಸರ್ವೇ ಕಂಪನಿಯ ಸಿರಿಲ್ ಡಿಸೋಜ, ತಲೆಗೆ ಹೆಲ್ಮೆಟ್, ಕೈಯಲ್ಲಿ ತೇವ ಅಳೆಯುವ ಮೀಟರ್.

"ಹರ್ಷಿತ್ ಎಲ್ಲಿ?" ಎಂದೆ. ಕೇಳಬಾರದು ಎಂದುಕೊಂಡಿದ್ದೆ, ಬಾಯಿ ಕೇಳಿಬಿಟ್ಟಿತು.

"ಅವರು ಇನ್ನು ಇಲ್ಲಿಗೆ ಬರುದಿಲ್ಲ ಮೇಡಂ. ನಿಮ್ಮ ಕಂಪನಿಯ ಕೆಲಸ ನನಗೆ ಕೊಟ್ರು."

ಇಷ್ಟು ದೂರಕ್ಕೆ ಹೋಯಿತೇ! ನನ್ನ ಮುಖವನ್ನೇ ನೋಡಬಾರದೆಂದು ಕೆಲಸವನ್ನೇ ಬಿಟ್ಟುಕೊಟ್ಟನೇ?

"ಯಾಕಂತೆ?"

"ನಮ್ಮಲ್ಲಿ ಒಂದು ರೂಲ್ ಉಂಟು," ಎಂದ ಸಿರಿಲ್, ಹೆಲ್ಮೆಟಿನ ಪಟ್ಟಿ ಬಿಚ್ಚುತ್ತ. "ಸರ್ವೇ ಮಾಡುವ ಕಂಪನಿಯಲ್ಲಿ ನಮ್ಮವರು ಯಾರಾದ್ರೂ ಇದ್ರೆ ಮೊದ್ಲೇ ಹೇಳ್ಬೇಕು. ಹೇಳಿ ಪಕ್ಕಕ್ಕೆ ಸರೀಬೇಕು. ತನಗೆ ಲಾಭ ಇರುವ ಕಡೆ ಸಹಿ ಹಾಕ್ಲಿಕ್ಕಿಲ್ಲ. ಹರ್ಷಿತ್ ಬಾಸ್‌ನ ಹತ್ರ ಹೋಗಿ, ಉಮರಬ್ಬರ ಆಫೀಸಲ್ಲಿ ನನ್ನವರು ಒಬ್ರು ಇದ್ದಾರೆ, ಇನ್ನು ನನ್ನ ಸಹಿ ಸರಿಯಾಗುದಿಲ್ಲ ಅಂತ ಹೇಳಿದ್ರಂತೆ. ನನಗೆ ಗೊತ್ತೇ ಇರ್ಲಿಲ್ಲ. ಯಾರು ಮೇಡಂ? ಸಾಹುಕಾರ್ರು ಅವರಿಗೆ ಏನಾದ್ರೂ ಆಗ್ಬೇಕಾ?"

ಉಮರಬ್ಬರಿಗೂ ಕಾರ್ಕಳದ ಕೊಂಕಣಿ ಪ್ರಭುಗಳಿಗೂ ಏನು ಸಂಬಂಧ? ನಮ್ಮ ಆಫೀಸಿನಲ್ಲಿ ಮತ್ತೆ ಇರುವುದು ಪಾಕಿಸ್ತಾನದ ಡ್ರೈವರ್, ಲೆಕ್ಕ ಬರೆಯುವ ಮಲಯಾಳಿ ಮೇಷ್ಟ್ರು, ಮತ್ತೆ ನಾನು.

ತನಗೆ ಲಾಭ ಇರುವ ಕಡೆ ಸಹಿ ಹಾಕ್ಲಿಕ್ಕಿಲ್ಲ.

ನಾನು ಕುರ್ಚಿ ಹಿಡಿದುಕೊಂಡೆ. ಮುಖ ಸುಡುತ್ತಿತ್ತು. ನನಗಾದ ಸಂತೋಷವನ್ನು ಮುಚ್ಚಿಟ್ಟುಕೊಳ್ಳುವ ಶಕ್ತಿ ನನಗಿಲ್ಲ, ಆಗಲೂ ಇರಲಿಲ್ಲ. ಸಿರಿಲ್, "ಮೇಡಂ, ನೀರು ಬೇಕಾ?" ಎಂದು ಗಾಬರಿಯಾದ. ಪಾಪ.

ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲಲ್ಲಿ ಹರ್ಷಿತ್ ನಿಂತಿದ್ದ. ಹೆಲ್ಮೆಟ್ ಇಲ್ಲ, ಫೈಲಿಲ್ಲ, ಫ್ಲಾಸ್ಕೂ ಇಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿ. ಬರಿಗೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಒಮ್ಮೆ ಜೇಬಿಗೆ ಹಾಕಿದ, ಮತ್ತೆ ತೆಗೆದ.

"ಸರ್ವೇ ಇಲ್ವಲ್ಲ ನಿಮಗೆ ಇಲ್ಲಿ," ಎಂದೆ.

"ಇಲ್ಲ. ಅದಕ್ಕೇ ಬಂದದ್ದು. ಒಂದು ಚಾ ಸಿಗ್ತದಾ?"

ಎರಡು ವರ್ಷದಲ್ಲಿ ಮೊದಲ ಸಲ ಅವನು ನಮ್ಮ ಆಫೀಸಿನ ಚಹಾ ಕೇಳಿದ್ದ. ನಾನೇ ಎದ್ದು ಮಾಡಿದೆ. ಗಡಿಬಿಡಿಯಲ್ಲಿ ಸಕ್ಕರೆ ಎಷ್ಟು ಬಿತ್ತೋ ದೇವರಿಗೇ ಗೊತ್ತು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ, ತೆರೆದ.

"ಹೇಗುಂಟು?"

"ಪಾಯಸದ ಹಾಗೆ ಉಂಟು," ಎಂದು ಇನ್ನೊಂದು ಗುಟುಕು ಕುಡಿದ. ಲೋಟದ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಈ ಸಲ ಕಣ್ಣು ತಪ್ಪಿಸಲಿಲ್ಲ. ನಾನೇ ತಪ್ಪಿಸಬೇಕಾಯಿತು.

"ಸಿರಿಲ್ ಹೇಳಿದ್ರು. ಇಲ್ಲಿ ನಿಮ್ಮವರು ಒಬ್ರು ಇದ್ದಾರಂತೆ."

ಅವನ ಕಿವಿ ಮತ್ತೆ ಕೆಂಪಾಯಿತು. ಹೊರಗೆ ಬಿಸಿಲಿತ್ತು, ಅವನು ನಿಂತದ್ದು ಎಸಿಯ ಕೆಳಗೆ.

"ಯಾರು ಅಂತ ನಾನು ಕೇಳ್ಬಹುದಾ?"

"ಕೇಳ್ಬಹುದು. ಆದ್ರೆ ಇವತ್ತು ಹೇಳುದಿಲ್ಲ."

"ಎಂತಕ್ಕೆ? ಬಾಸ್‌ಗೆ ಹೇಳ್ಬಹುದು, ನನಗೆ ಹೇಳ್ಬಾರದಾ?"

ಅವನು ಲೋಟ ಮೇಜಿನ ಮೇಲಿಟ್ಟ. "ಸ್ವರ್ಣಾ ಅವರೇ, ನಿಮ್ಮ ಕಾಗದಕ್ಕೆ ನಾನು ಸಾಕ್ಷಿ ಹಾಕಿದ್ರೆ ಅದು ಕಳ್ಳಸಾಕ್ಷಿ ಆಗ್ತಿತ್ತು. ಆ ಮದುವೆ ಮುಗಿದ್ರೆ ನನಗೆ ಲಾಭ ಉಂಟು. ಲಾಭ ಇರುವವ ಪಕ್ಕದಲ್ಲಿ ನಿಂತು, ಹೌದು ಇವರು ಸ್ವಂತ ಮನಸ್ಸಿಂದ ಬಿಡ್ತಿದ್ದಾರೆ ಅಂತ ಹೇಗೆ ಬರಿಯುದು? ಈಗ ನಾನು ಬೇರೆ ಎಂತಾದ್ರೂ ಹೇಳಿದ್ರೆ, ನಾಡಿದ್ದು ನೀವು ಹಾಕುವ ಸಹಿ ನನಗೋಸ್ಕರ ಹಾಕಿದ ಹಾಗೆ ಆಗ್ತದೆ. ಅದು ನಿಮಗೋಸ್ಕರ ಆಗ್ಬೇಕು. ಮುಗೀಲಿ. ಮತ್ತೆ ಕೇಳಿ. ನಾನು ಎಲ್ಲಿಗೂ ಹೋಗುದಿಲ್ಲ."

ಯಾವ ಗಂಡಸೂ ನನ್ನ ಸಹಿಯ ಬಗ್ಗೆ ಅಷ್ಟು ಯೋಚಿಸಿದ್ದಿಲ್ಲ. ಮಾವನಿಗೆ ಸಹಿ ಕಂಡರೆ ಸಾಕಿತ್ತು, ವಿಚಾಯ್‌ಗೆ ಮುಗಿದರೆ ಸಾಕಿತ್ತು. ಈ ಮನುಷ್ಯನಿಗೆ ಆ ಸಹಿಯ ಹಿಂದೆ ಇರುವವಳು ಬೇಕಿದ್ದಳು. ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನಿಸಿತು. ಮಲಯಾಳಿ ಮೇಷ್ಟ್ರು ಊಟದ ಡಬ್ಬಿ ತೆರೆಯುವುದನ್ನೂ ಮರೆತು ಕಿವಿ ನಿಮಿರಿಸಿ ಕೂತಿದ್ದರು, ಅದಕ್ಕೆ ಸುಮ್ಮನಾದೆ.

"ಚಾ ಪೂರ್ತಿ ಕುಡಿಯಿರಿ," ಎಂದೆ. ಆ ಪಾಯಸವನ್ನು ಅವನು ತಳದವರೆಗೆ ಕುಡಿದ.

ರಾಯಭಾರ ಕಚೇರಿಗೆ ಝಕರಿಯಾನ ಕಾರಿನಲ್ಲಿ ಹೋದೆವು. ರಝಿಯಾ ಹಬ್ಬಕ್ಕೆ ತೆಗೆದ ಬುರ್ಖಾ ಹಾಕಿಕೊಂಡಿದ್ದಳು. "ಮದುವೆಗೆ ಸಾಕ್ಷಿ ಹಾಕಿ ಗೊತ್ತುಂಟು, ಬಿಡ್ಲಿಕ್ಕೆ ಹಾಕುದು ಇದೇ ಮೊದಲು," ಎಂದು ದಾರಿಯುದ್ದಕ್ಕೂ ಅವಳದ್ದೇ ಗಡಿಬಿಡಿ.

ರಿಜಿಸ್ಟ್ರಾರ್ ಫೋನಿನಲ್ಲಿ ಮಾತಾಡಿದ್ದ ಅದೇ ಹೆಂಗಸು. ನಾನು ಥಾಯ್ ರೀತಿಯಲ್ಲಿ ಕೈಜೋಡಿಸಿ ನಮಸ್ಕರಿಸಿದಾಗ ಅವರ ಮುಖ ಅರಳಿತು. ವಿಚಾಯ್‌ನ ಸಹಿ ಇದ್ದ ಕಾಗದವನ್ನು ನನ್ನ ಮುಂದೆ ಇಟ್ಟರು. ಅವನ ಅಕ್ಷರ ಈಗಲೂ ಹಾಗೇ ಇತ್ತು, ಕೊನೆಯ ಗೆರೆ ಗಾಳಿಪಟದ ಬಾಲದಂತೆ ಮೇಲಕ್ಕೆ. ಮಳೆಗಾಲದ ಒಂದು ದಿನ ಅದೇ ಬಾಲವನ್ನು ನೋಡಿ ನಾನು ಅವನನ್ನು ಪ್ರೀತಿಸಿದ್ದೆ.

"ನಿಮ್ಮ ಸ್ವಂತ ಇಚ್ಛೆಯೇ? ಯಾರ ಒತ್ತಾಯವೂ ಇಲ್ಲವೇ?" ಎಂದು ಅವರು ಥಾಯ್‌ನಲ್ಲಿ ಕೇಳಿದರು.

ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಕೂಡಲೇ ಹೌದು ಎನ್ನಬಹುದಿತ್ತು. ನಾನು ನಿಧಾನ ಮಾಡಿದೆ. ನನಗಾಗಿ ಕಾಯುತ್ತಿರುವವನನ್ನು ಒಂದು ಗಳಿಗೆ ಮನಸ್ಸಿನಿಂದ ಕಳಿಸಿಬಿಟ್ಟು ಯೋಚಿಸಿದೆ. ಯಾರೂ ಕಾಯದಿದ್ದರೂ ಈ ಸಹಿ ಹಾಕುತ್ತಿದ್ದೆನೇ? ಹಾಕುತ್ತಿದ್ದೆ. ವಿಚಾಯ್ ಜೊತೆ ಮಾತಿಲ್ಲದೆ ಉಂಡ ಊಟಗಳು ಸಾಕಾಗಿದ್ದವು.

"ಸ್ವಂತ ಇಚ್ಛೆ," ಎಂದೆ. ಸಹಿ ಹಾಕಿದೆ. ರಝಿಯಾ ನಾಲಗೆ ಕಚ್ಚಿಕೊಂಡು ತನ್ನ ಹೆಸರು ಬರೆದಳು, ಝಕರಿಯಾ ಒಂದೇ ಏಟಿಗೆ ಗೀಚಿದ. ಮೊಹರು ಬಿತ್ತು. ಮನಸ್ಸಿನಲ್ಲೇ ವಿಚಾಯ್‌ಗೆ ಒಳ್ಳೆಯದಾಗಲಿ ಎಂದೆ, ಪೂರ್ತಿ ಮನಸ್ಸಿನಿಂದ.

ಸರ್ಟಿಫಿಕೇಟ್ ಕೊಡುವಾಗ ರಿಜಿಸ್ಟ್ರಾರ್ ಇನ್ನೊಂದು ಮಾತು ಹೇಳಿದರು. ಥಾಯ್ ಕಾನೂನಿನಲ್ಲಿ ಬಿಡುಗಡೆಯಾದ ಹೆಂಗಸು ಮುನ್ನೂರ ಹತ್ತು ದಿನ ಬೇರೆ ಗಂಡಸನ್ನು ಮದುವೆಯಾಗುವಂತಿಲ್ಲ. ಹುಟ್ಟುವ ಮಗು ಯಾರದೆಂಬ ಗೊಂದಲ ಆಗಬಾರದಂತೆ. ಗರ್ಭಿಣಿಯಲ್ಲವೆಂದು ಡಾಕ್ಟರ್ ಬರೆದುಕೊಟ್ಟರೆ ಕಾಯಬೇಕಿಲ್ಲ. ಬೇರೆ ದೇಶದಲ್ಲಿ ಮದುವೆಯಾಗುವುದಾದರೆ ಅಲ್ಲಿಯ ಕಾನೂನು ಕೇಳಿಕೊಳ್ಳಿ ಎಂದೂ ಹೇಳಿದರು. ನಾನು ಅದರ ಅರ್ಥ ಹೇಳಿದಾಗ ರಝಿಯಾ, "ನಮ್ಮಲ್ಲಿ ಇದ್ದತ್ ಅಂತ ಕಾಯುದು ಮೂರು ತಿಂಗಳು. ಇವರದ್ದು ಸ್ವಲ್ಪ ಉದ್ದ ಆಯ್ತಲ್ಲ," ಎಂದು ಲೆಕ್ಕ ಹಾಕಿದಳು.

ಹೊರಗೆ ಬಂದರೆ ರಸ್ತೆಯ ಆಚೆ ಬೇವಿನ ಮರದ ಕೆಳಗೆ ಹರ್ಷಿತ್. ಒಳಗೆ ಬಂದಿರಲಿಲ್ಲ, ಗೇಟಿನ ಹತ್ತಿರವೂ ಬಂದಿರಲಿಲ್ಲ. ಬೆವರಿಗೆ ನೀಲಿ ಅಂಗಿ ಬೆನ್ನಿಗೆ ಅಂಟಿತ್ತು. ರಝಿಯಾ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಯಲ್ಲಾ, ಹೋಗು," ಎಂದಳು.

"ಮುಗೀತು," ಎಂದೆ ಅವನ ಹತ್ತಿರ ಹೋಗಿ. "ಈಗ ಕೇಳ್ತೇನೆ. ಉಮರಬ್ಬರ ಆಫೀಸಿನಲ್ಲಿ ನಿಮ್ಮವರು ಯಾರು?"

"ನೀವು," ಎಂದ. ಸುತ್ತಿ ಬಳಸಲಿಲ್ಲ. "ಎರಡು ವರ್ಷದಿಂದ ನೀವು. ನನಗೆ ನಿಮ್ಮನ್ನು ಮದುವೆ ಆಗ್ಬೇಕು ಸ್ವರ್ಣಾ. ಹೌದು ಅಂತ ಹೇಳ್ಲೇಬೇಕು ಅಂತ ಇಲ್ಲ. ಇಲ್ಲ ಅಂದ್ರೂ ಮನೆಗೆ ಬಿಡ್ತೇನೆ."

ನಗುವೂ ಅಳುವೂ ಒಟ್ಟಿಗೆ ಬಂದವು. ಮುನ್ನೂರ ಹತ್ತು ದಿನದ ವಿಷಯ ಹೇಳಿದೆ. ಅವನು ಗಂಭೀರವಾಗಿ ಕೇಳಿದ.

"ಡಾಕ್ಟರ್ ಸರ್ಟಿಫಿಕೇಟ್ ಕೊಟ್ರೆ ನಾಳೆಯೇ ಆಗ್ಬಹುದು," ಎಂದೆ. "ಊರಲ್ಲಿ ಮದುವೆ ಆದ್ರೆ ಅದೂ ಬೇಡವೋ ಏನೋ."

"ಹಾಗಾದ್ರೆ?"

"ನನಗೆ ಆ ಹತ್ತು ತಿಂಗಳು ಬೇಕು." ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಮೊದಲ ಸಲ ಮೂರೇ ವಾರದಲ್ಲಿ ಹೌದು ಅಂದಿದ್ದೆ. ಮಾವನ ಮನೆಯಿಂದ ಗಂಡನ ಮನೆ, ಅಲ್ಲಿಂದ ವಾಪಸ್ ಮಾವನ ಮನೆ. ಯಾರ ಹೆಂಡತಿಯೂ ಅಲ್ಲದೆ, ಬರೇ ಪ್ರೀತಿ ಮಾಡಿಸ್ಕೊಂಡು ಇದ್ದದ್ದೇ ಇಲ್ಲ ನಾನು. ಕಾಯ್ತೀರಾ?"

ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಅವಸರ ಇರಲಿಲ್ಲ, ಅಳತೆ ಇರಲಿಲ್ಲ, ಪ್ರೀತಿಯೊಂದೇ ಇತ್ತು.

"ನನಗೆ ಎಂತದೂ ಅವಸರ ಇಲ್ಲ," ಎಂದ. "ನಾಳೆ ಸಂಜೆ ಸೀಬ್ ಸಮುದ್ರದ ಹತ್ರ ನಡೀಲಿಕ್ಕೆ ಬರ್ತೀರಾ?"

"ನಾಳೆ ಯಾಕೆ?" ಎಂದೆ. "ಇವತ್ತು ಸಂಜೆ ನಾನು ಖಾಲಿ ಇದ್ದೇನೆ."